ಒಂದು ಹರಳು ತವರಿಗೆ



ಮದುವೆ ಅಂದರೆ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಚಪ್ಪರ, ಓಲಗ, ಪುರೋಹಿತರ ಮಂತ್ರ, ಹೋಮದ ಹೊಗೆ, ಗಂಡು ಕಟ್ಟುವ ತಾಳಿ. ಪುರೋಹಿತರಿಲ್ಲದೆ, ಹೋಮ ಇಲ್ಲದೆ ಮದುವೆ ಆಗುತ್ತದಾ? ಆಗುತ್ತದೆ. ದೂರ ದೇಶದಲ್ಲಲ್ಲ, ನಮ್ಮ ಕರ್ನಾಟಕದಲ್ಲೇ ಆಗುತ್ತದೆ. ಕೊಡಗಿನ ಕೊಡವರ ಮದುವೆ ನಡೆಯುವುದೇ ಹೀಗೆ.

ಪೀಣ್ಯದ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ. ಅವರ ಪಕ್ಕದ ಮಿಷನ್ನಿನ ಹುಡುಗಿ ಕೊಡವರವಳು. ಅವಳ ಮದುವೆಗೆ ನಮ್ಮನ್ನೂ ಕರೆದರು. ನಾವು ನಾಲ್ಕು ಹೆಂಗಸರು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ರಾತ್ರಿ ಬಸ್ಸು ಹತ್ತಿದೆವು. ಮಡಿಕೇರಿಗೆ ಸುಮಾರು 250 ಕಿಲೋಮೀಟರು. ಬಸ್ಸಿನ ಮುಂದಿನ ಬೋರ್ಡನ್ನು ಓದಿ ಹತ್ತಿಸಿದ್ದು ಆ ಅಕ್ಕನೇ. ನಾವು ಸುಮ್ಮನೆ ಹಿಂದೆ ಹೋದೆವು!

ಮದುವೆ ಮನೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಉಡುಗೆ. ಮದುಮಗ ಬಿಳಿ ಕುಪ್ಯ ತೊಟ್ಟಿದ್ದ. ಕುಪ್ಯ ಅಂದರೆ ಮೊಣಕಾಲಿನ ಕೆಳಗೂ ಬರುವ ನಿಲುವಂಗಿ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ತಲೆಗೆ ರುಮಾಲು. ಹುಡುಗಿಯದು ಕೆಂಪು ರೇಷ್ಮೆ ಸೀರೆ. ನಾವು ನೆರಿಗೆಯನ್ನು ಮುಂದೆ ಹಿಡಿಯುತ್ತೇವೆ. ಕೊಡವ ಹೆಂಗಸರು ಹಿಂದೆ ಹಿಡಿಯುತ್ತಾರೆ.

ಇನ್ನು ತಾಳಿಯ ಮಾತು. ಅವರಲ್ಲಿ ಮದುವಣಗಿತ್ತಿಯ ಕೊರಳಿಗೆ ಪತ್ತಾಕ್ ಕಟ್ಟುತ್ತಾರೆ. ಅದು ಚಿನ್ನದ ಪದಕ, ಮೇಲೆ ಹಾವಿನ ಹೆಡೆ ಇರುತ್ತದೆ. ಅದನ್ನು ಕಟ್ಟುವುದು ಯಾರು ಗೊತ್ತಾ? ಹೆತ್ತ ತಾಯಿ! ನಮ್ಮ ಜೊತೆಗೆ ಬಂದ ಅಕ್ಕ ಇದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಹುಡುಗಿಯನ್ನು ಮುಕ್ಕಾಲಿ ಮೇಲೆ ಕೂರಿಸಿದರು. ಎದುರಿಗೆ ದೀಪ ಉರಿಯುತ್ತಿತ್ತು. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಹೋಗಿ ಹರಸಿದರು. ನಮ್ಮ ಸರದಿಯೂ ಬಂತು. ಪಕ್ಕದಲ್ಲಿದ್ದ ಅಜ್ಜಿ ಹೇಳಿಕೊಟ್ಟರು: ಅಕ್ಕಿ ತಗೊಂಡು ಮೊಣಕಾಲಿಗೆ, ಹೆಗಲಿಗೆ, ತಲೆಗೆ ಹಾಕಬೇಕು. ಕಿಂಡಿಯಿಂದ ಒಂದು ಗುಟುಕು ಹಾಲು ಕುಡಿಸಬೇಕು. ಕೈಗೆ ಮುಯ್ಯಿ ಕೊಡಬೇಕು. ಅಷ್ಟೇ. ಮಂತ್ರ ಬರಬೇಕಿಲ್ಲ. ಬಂದವರೆಲ್ಲ ಹರಸಬಹುದು, ನಮ್ಮಂಥ ಹೊರಗಿನವರೂ ಕೂಡ.

ಬಾಳೆದಿಂಡು ಕಡಿಯುವುದು ಇನ್ನೊಂದು ಶಾಸ್ತ್ರ. ನೆಟ್ಟ ಬಾಳೆದಿಂಡುಗಳನ್ನು ಒಡಿಕತ್ತಿಯಿಂದ ಒಂದೇ ಏಟಿಗೆ ತುಂಡು ಮಾಡುತ್ತಾರೆ. ಹಿಂದೆ ಯುದ್ಧ ಮಾಡಿದ ಜನ, ಆ ನೆನಪು ಅದು. ಊಟಕ್ಕೆ ಹಂದಿಮಾಂಸದ ಪಂದಿಕರಿ, ಅಕ್ಕಿಯ ಕಡಂಬುಟ್ಟು. ತಿನ್ನದವರಿಗೆ ತರಕಾರಿ ಊಟವೂ ಇತ್ತು. ಗಂಡಸರ ಕೈಯಲ್ಲಿ ಬ್ರಾಂದಿ ಲೋಟ. ಅದು ನಮಗೆ ಹಿಡಿಸಲಿಲ್ಲ. ಆದರೆ ನೆಂಟರಾಗಿ ಹೋದವರು ಅದನ್ನು ಅಲ್ಲಿ ಆಡಬಾರದು.

ನಾವು ಮುಖ್ಯವಾಗಿ ಹೇಳಬೇಕಾದ್ದು ಸಂಬಂಧ ಕೊಡುವ ಶಾಸ್ತ್ರದ ಬಗ್ಗೆ. ಎರಡೂ ಕಡೆ ಒಬ್ಬೊಬ್ಬ ಅರುವ ಇರುತ್ತಾನೆ. ಅರುವ ಅಂದರೆ ಮನೆಯ ಪರವಾಗಿ ಮಾತಾಡುವ, ಸಾಕ್ಷಿಯಾಗುವ ಹಿರಿಯ. ಇಬ್ಬರೂ ಎದುರುಬದುರು ನಿಂತು, ಎಲ್ಲರ ಮುಂದೆ, ಹುಡುಗಿಯ ಹಕ್ಕಿನ ಮಾತಾಡುತ್ತಾರೆ. ಗಂಡನ ಮನೆಯಲ್ಲಿ, ಗದ್ದೆಯಲ್ಲಿ, ದನಕರುವಿನಲ್ಲಿ ಇವಳಿಗೆ ಹಕ್ಕು ಉಂಟಾ? ಉಂಟು. ಆಮೇಲೆ ಹರಳು ಎಣಿಸುತ್ತಾರೆ. ಈ ಹರಳುಗಳು ಚಿನ್ನದ ಲೆಕ್ಕ. ಒಟ್ಟು 12. ಅದರಲ್ಲಿ 11 ಗಂಡಿನ ಕಡೆಗೆ ಹೋಗುತ್ತವೆ. ಒಂದು ತವರಿನಲ್ಲೇ ಉಳಿಯುತ್ತದೆ.

ಯಾಕೆ ಒಂದು ಉಳಿಸುತ್ತಾರೆ? ಮಗಳಿಗೆ ನಾಳೆ ಕಷ್ಟ ಬಂದು ತಿರುಗಿ ಬಂದರೆ ತವರಿನ ಬಾಗಿಲು ಮುಚ್ಚುವ ಹಾಗಿಲ್ಲ. ಆ ಒಂದು ಹರಳು ಅದಕ್ಕೆ ಸಾಕ್ಷಿ.

ನಮ್ಮ ಕಡೆ ಏನಂತಾರೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ಗಾದೆ ಹಾಗಿದ್ದರೂ ಕಾನೂನು ಹಾಗಿಲ್ಲ. 1994ರಲ್ಲಿ ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾನೂನನ್ನು ತಿದ್ದಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ದೇಶದಲ್ಲೆಲ್ಲ ಹೊಸ ಕಾನೂನು ಬಂತು. ಮದುವೆಯಾದ ಮಗಳಿಗೂ ಸಮಪಾಲು. ಆ ಹೊತ್ತಿಗೆ ತಂದೆ ತೀರಿಹೋಗಿದ್ದರು ಎಂಬ ಕಾರಣಕ್ಕೆ ಪಾಲು ತಪ್ಪಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲಾಗಿ ಹೋಗಿದ್ದರೆ ಅದನ್ನು ಮತ್ತೆ ಕೆದಕಲು ಆಗದು.

ಹಾಗಾಗಿ ಅಣ್ಣನೋ ತಮ್ಮನೋ ಒಂದು ಕಾಗದ ತಂದು, "ಇಲ್ಲಿ ಒಂದು ರುಜು ಹಾಕು" ಅಂದರೆ, ಅದು ಹಕ್ಕು ಬಿಡುಗಡೆ ಪತ್ರವಾ ಎಂದು ಮೊದಲು ಓದಿ ನೋಡಬೇಕು. ಬಿಡಬೇಕು ಅನ್ನಿಸಿದರೆ ಬಿಡಿ. ಅದು ನಿಮ್ಮಿಷ್ಟ. ಓದದೆ ಹೆಬ್ಬೆಟ್ಟು ಒತ್ತುವ ಕಾಲ ನಿಮಗೆ ಮುಗಿಯಿತು.

ಒಂದೊಂದು ನಾಡಿನಲ್ಲಿ ಒಂದೊಂದು ರೀತಿ. ಬರ್ಮಾ ದೇಶಕ್ಕೆ ಈಗ ಮ್ಯಾನ್ಮಾರ್ ಎಂದು ಹೆಸರು. ಅಲ್ಲಿಯ ಹಳೆಯ ಪದ್ಧತಿಯ ಮದುವೆಯಲ್ಲಿ ಗಂಡು ಹೆಣ್ಣಿನ ಅಂಗೈ ಜೋಡಿಸಿ, ಬಟ್ಟೆ ಸುತ್ತಿ, ಬೆಳ್ಳಿ ಬಟ್ಟಲಿನ ನೀರಿನಲ್ಲಿ ಅದ್ದುತ್ತಾರೆ. ಶಂಖ ಊದುತ್ತಾರೆ. ಆಷಾಢದಲ್ಲಿ ನಾವು ಮದುವೆ ಮಾಡುವುದಿಲ್ಲ. ಅಲ್ಲಿಯ ಬೌದ್ಧರೂ ಮಳೆಗಾಲದ ಮೂರು ತಿಂಗಳು ಮದುವೆ ಇಟ್ಟುಕೊಳ್ಳುವುದಿಲ್ಲ. ಮದುವೆಯಾದ ಮೇಲೆ ಹೆಂಗಸು ತನ್ನ ಹೆಸರು ಬದಲಾಯಿಸುವುದೂ ಇಲ್ಲ. ಕೊಡವರಲ್ಲಿ ಹಾಗಲ್ಲ. ಹುಡುಗಿ ಗಂಡನ ಮನೆತನದ ಹೆಸರು ಸೇರಿಸಿಕೊಳ್ಳುತ್ತಾಳೆ.

ಕೊನೆಗೆ ಗಂಗಾಪೂಜೆ. ಮದುವಣಗಿತ್ತಿ ಬಾವಿಯ ಹತ್ತಿರ ವೀಳ್ಯದೆಲೆ, ಅಡಿಕೆ ಇಟ್ಟು, ತೆಂಗಿನಕಾಯಿ ಒಡೆದು ಪೂಜೆ ಮಾಡುತ್ತಾಳೆ. ನೀರು ತುಂಬಿದ ಕೊಡವನ್ನು ತಲೆ ಮೇಲೆ ಹೊತ್ತು ಮನೆ ಕಡೆ ಹೆಜ್ಜೆ ಇಡುತ್ತಾಳೆ. ಇಲ್ಲಿ ಶುರುವಾಗುತ್ತದೆ ನೋಡಿ ತಮಾಷೆ! ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿಗೆ ಅಡ್ಡ ನಿಲ್ಲುತ್ತಾರೆ. ಒಂದು ಹೆಜ್ಜೆ ಬಿಟ್ಟರೆ ಮತ್ತೆ ಅಡ್ಡ. ಗಂಟೆಗಟ್ಟಲೆ ಹೀಗೇ ನಡೆಯುವುದೂ ಉಂಟು. ಗಂಡನ ಮನೆಯಲ್ಲಿ ಎಷ್ಟು ತಾಳ್ಮೆ ಬೇಕು ಎಂದು ತೋರಿಸುವ ಪರೀಕ್ಷೆ ಅದು ಅಂತಾರೆ. ಪರೀಕ್ಷೆ ಹುಡುಗಿಗೆ ಮಾತ್ರ ಯಾಕೆ ಎಂದು ನಮ್ಮ ಅಕ್ಕ ಮೆಲ್ಲಗೆ ಕೇಳಿದರು. ಅಜ್ಜಿ ನಕ್ಕುಬಿಟ್ಟರು.

ಹುಡುಗಿಯ ಕುತ್ತಿಗೆ ನೋಯುತ್ತಿತ್ತೋ ಏನೋ, ಮುಖದಲ್ಲಿ ಮಾತ್ರ ನಗು. ನಮಗೆ ಬಸ್ಸಿಗೆ ಹೊತ್ತಾಯಿತು. ನಾವು ಹೊರಟಾಗಲೂ ಅವಳು ಕೊಡ ಹೊತ್ತು ಅರ್ಧ ದಾರಿಯಲ್ಲೇ ಇದ್ದಳು.