ಇಳಿವಯಸ್ಸಿನ ಅನಿಲಕ್ಷೇತ್ರಗಳೂ ಗಣಕಯಂತ್ರದ ಅನುಕರಣವೂ

ಭೂಗರ್ಭದ ಅನಿಲವು ನೆಲದೊಳಗಣ ಗವಿಗಳಲ್ಲಿ ತುಂಬಿಕೊಂಡಿರುವುದೆಂದು ಭಾವಿಸುವವರುಂಟು. ವಸ್ತುತಃ ಅದು ಬಹುಮಟ್ಟಿಗೆ ಮರಳುಗಲ್ಲಿನ ಕಣಗಳ ನಡುವಣ ಸೂಕ್ಷ್ಮರಂಧ್ರಗಳಲ್ಲಿ, ಮೇಲಣ ಬಿಗಿಬಂಡೆಯ ಮುಚ್ಚಳದ ಕೆಳಗೆ, ಅತಿಶಯವಾದ ಒತ್ತಡದಲ್ಲಿ ಅಡಗಿರುತ್ತದೆ. ಬಾವಿಯನ್ನು ಕೊರೆದೊಡನೆ ಆ ಒತ್ತಡವೇ ಅದನ್ನು ಮೇಲಕ್ಕೆ ತಳ್ಳುವುದು. ಅನಿಲವು ಹೊರಬಿದ್ದಂತೆಲ್ಲ ಒತ್ತಡವು ಕುಗ್ಗಿ ಕ್ಷೇತ್ರಕ್ಕೆ ಇಳಿವಯಸ್ಸು ಬರುವುದು. ನೆದರ್ಲೆಂಡ್ಸ್ ದೇಶದ ಗ್ರೋನಿಂಗೆನ್ ಕ್ಷೇತ್ರವು ಇದಕ್ಕೆ ಪ್ರಸಿದ್ಧ ನಿದರ್ಶನ. 1959ರಲ್ಲಿ, ಸುಮಾರು 3 ಕಿಲೋಮೀಟರು ಆಳದಲ್ಲಿ ಅದು ಪತ್ತೆಯಾದಾಗ ಅಲ್ಲಿಯ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 350 ಪಟ್ಟಿನಷ್ಟಿದ್ದಿತು. ಕಡೆಗಾಲಕ್ಕೆ ಅದು 100 ಪಟ್ಟಿಗಿಂತ ಕೆಳಗಿಳಿಯಿತು.

ಇಂತಹ ಮುದಿಕ್ಷೇತ್ರಗಳಿಗೆ ಒದಗುವ ತೊಡಕುಗಳು ಮುಖ್ಯವಾಗಿ ಮೂರು. ಮೊದಲನೆಯದು, ಅನಿಲವನ್ನು ಕೊಳವೆಸಾಲಿಗೆ ನೂಕಲು ಒತ್ತಡವು ಸಾಲದಾಗುವುದು. ಆಗ ಕಂಪ್ರೆಸರ್ ಯಂತ್ರಗಳ ನೆರವು ಬೇಕು. ಎರಡನೆಯದು, ಬಾವಿಯೊಳಗೆ ನೀರು ನಿಂತು ಅನಿಲದ ದಾರಿಯನ್ನು ಕಟ್ಟುವುದು. ಮೂರನೆಯದು, ಕೆಳಗಣ ನೀರು ಬಂಡೆಯ ರಂಧ್ರಗಳೊಳಕ್ಕೆ ಏರಿಬಂದು, ಉಳಿದ ಅನಿಲವನ್ನು ಅಲ್ಲಲ್ಲಿಯೇ ಸೆರೆಹಿಡಿಯುವುದು. ನೀರಿನ ಏರಿಕೆ ಪ್ರಬಲವಾಗಿರುವ ಕ್ಷೇತ್ರದಲ್ಲಿ ಅನಿಲದ ದೊಡ್ಡದೊಂದು ಪಾಲು ಹೀಗೆ ಕೈತಪ್ಪಬಹುದು.

ಈ ವ್ಯಾಪಾರವನ್ನು ಕಣ್ಣಿನಿಂದ ಕಾಣಲಾಗದು. ಆದುದರಿಂದ ಗಣಕಯಂತ್ರದಲ್ಲಿ ಅದರ ಅನುಕರಣವನ್ನು ರಚಿಸುತ್ತಾರೆ. ಬಂಡೆಯ ಸ್ತರವನ್ನು ಲಕ್ಷಾಂತರ ಕೋಷ್ಠಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ರಂಧ್ರಗಳ ಪ್ರಮಾಣ, ದ್ರವಾನಿಲಗಳು ಹಾಯುವ ಸೌಕರ್ಯ, ಒತ್ತಡ, ನೀರಿನ ಅಂಶ ಇವುಗಳನ್ನು ನಿಗದಿಮಾಡುವರು. ದ್ರವ್ಯವು ನಾಶವಾಗದೆಂಬ ನಿಯಮವನ್ನೂ, 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿಯು ಮರಳಿನ ಮೂಲಕ ನೀರನ್ನು ಹರಿಸಿ ಪ್ರಕಟಿಸಿದ ಪ್ರವಾಹನಿಯಮವನ್ನೂ ಅನ್ವಯಿಸಿ, ಕೋಷ್ಠದಿಂದ ಕೋಷ್ಠಕ್ಕೆ ಆಗುವ ಹರಿವನ್ನು ಕಾಲಕ್ರಮದಲ್ಲಿ ಲೆಕ್ಕಹಾಕುವರು. ಗಣನೆಯು ಮೊದಲು ಗತಕಾಲದ ಒತ್ತಡವನ್ನೂ ಉತ್ಪನ್ನವನ್ನೂ ಸರಿಯಾಗಿ ತೋರಿಸಬೇಕು. ಅನಂತರವೇ ಹೊಸ ಬಾವಿ ಎಲ್ಲಿ, ಕಂಪ್ರೆಸರ್ ಯಾವಾಗ, ಯಾವ ವೇಗದಲ್ಲಿ ತೆಗೆದರೆ ನೀರು ಅನಿಲವನ್ನು ಸುತ್ತುಗಟ್ಟದು ಎಂಬ ಪ್ರಶ್ನೆಗಳನ್ನು ಅದರ ಮುಂದಿಡಬಹುದು.

ಆದರೆ ಗತಕಾಲಕ್ಕೆ ಹೊಂದಿದ ಮಾತ್ರಕ್ಕೆ ಚಿತ್ರವು ಸತ್ಯವೆನ್ನಲಾಗದು. ಓಲೆ ಮುರಿದೆಡೆಯಲ್ಲಿ ಛಂದಸ್ಸಿಗೂ ಅರ್ಥಕ್ಕೂ ಒಪ್ಪುವ ಪಾಠಗಳು ಎರಡು ಮೂರು ದೊರೆಯುವಂತೆ, ಒಂದೇ ದಾಖಲೆಗೆ ಹೊಂದುವ ಬಂಡೆಯ ಚಿತ್ರಗಳು ಹಲವು ದೊರೆಯುತ್ತವೆ. ಅವು ಭವಿಷ್ಯದ ವಿಷಯದಲ್ಲಿ ಭಿನ್ನವಾಗಿ ನುಡಿಯಬಲ್ಲವು. ಆದುದರಿಂದ ನಿಪುಣರು ಒಂದನ್ನೇ ನಂಬದೆ ಹಲವನ್ನು ಒಟ್ಟಿಗೆ ನಡೆಸಿ, ಅವುಗಳ ಅಂತರದಿಂದ ಸಂದೇಹದ ಮೇರೆಯನ್ನು ಅಳೆಯುತ್ತಾರೆ.

ಇದಕ್ಕಿಂತ ಗಂಭೀರವಾದುದು ಪ್ರಶ್ನೆಯ ವಿವೇಕ. ಗ್ರೋನಿಂಗೆನ್ನಿನಲ್ಲಿ ಒತ್ತಡವು ಕುಗ್ಗಿದಂತೆ ಮರಳುಗಲ್ಲು ಅಡಕಗೊಂಡು, ನೆಲವು ತಗ್ಗಿ, ಹಳೆಯ ಸ್ತರಭಂಗಗಳು ಸರಿದು ಭೂಕಂಪಗಳಾದವು. 2012ರ ಆಗಸ್ಟ್ 16ರಂದು ಹೌಜಿಂಗೆ ಗ್ರಾಮದ ಬಳಿ 3.6 ಪ್ರಮಾಣದ ಕಂಪನವಾಯಿತು. ಕ್ಷೇತ್ರದ ನೆತ್ತಿಯ ಮೇಲಣ ಊರುಗಳಲ್ಲಿ ಸಾವಿರಾರು ಮನೆಗಳು ಬಿರುಕುಬಿಟ್ಟವು. ಅಲ್ಲಿಂದ ಮುಂದೆ, ಎಷ್ಟು ಅನಿಲವು ದೊರೆಯುವುದೆಂಬುದರ ಜತೆಗೆ, ಎಲ್ಲಿ ಎಷ್ಟು ತೆಗೆದರೆ ನೆಲವು ನಡುಗದಿರುವುದೆಂಬುದನ್ನೂ ಗಣನೆಯಿಂದ ಕೇಳಬೇಕಾಯಿತು. 2014ರಲ್ಲಿ ಲೋಪ್ಪರ್ಸಮ್ ಭಾಗದ ಉತ್ಪಾದನೆಯನ್ನು ಬಹಳವಾಗಿ ತಗ್ಗಿಸಲಾಯಿತು. 2023ರ ಅಕ್ಟೋಬರ್ 1ರಂದು ಕ್ಷೇತ್ರದ ಉತ್ಪಾದನೆಯೇ ನಿಂತಿತು. 2024ರಲ್ಲಿ ಕಾನೂನಿನ ಮೂಲಕ ಅದನ್ನು ಶಾಶ್ವತವಾಗಿ ಮುಚ್ಚಲಾಯಿತು. ತೆಗೆಯಬಹುದಾಗಿದ್ದ ಅನಿಲವು ಅಪಾರವಾಗಿ ಒಳಗೇ ಉಳಿಯಿತು.

ಕೇಳಿದ ಪ್ರಶ್ನೆಗೆ ಉತ್ತರವನ್ನೀಯುವುದು ಯಂತ್ರದ ಕೆಲಸ. ಏನನ್ನು ಕೇಳಬೇಕೆಂಬುದನ್ನು ನಿಶ್ಚಯಿಸುವ ಹೊಣೆ ಮನುಷ್ಯನದು.