ಇಪ್ಪತ್ತು ಸಾವಿರದ ಗಿಟಾರ್ – ಹೀರೋನಾ? ಡ್ಯೂಪಾ?

ಲಕ್ಷ ದಾಟುವ ಫೆಂಡರ್ ಎಲ್ಲಿ, ಟಗರು ಮಾರಿ ತಂದ ಸ್ಕ್ವಾಯರ್ ಎಲ್ಲಿ? ಮಾರಿಕಣಿವೆಯ ಹುಡುಗನ ಜೊತೆ ಬೆಂಗಳೂರಿಗೆ ಹೋಗಿ ನಾವು ನಡೆಸಿದ ‘ಸ್ಕ್ರೀನ್ ಟೆಸ್ಟ್’!

ಹಿರಿಯೂರು ಬಸ್ ಸ್ಟ್ಯಾಂಡು. ಬೆಳಗಿನ ಆರೂವರೆ. ಮಾರಿಕಣಿವೆ ಕಡೆಯ ಬಸ್ಸಿನಿಂದ ಇಳಿದವನೇ ನನ್ನ ತಂಗಿಯ ಮಗ ನೇರವಾಗಿ ನನ್ನ ಹತ್ತಿರ ಬಂದ. ವಯಸ್ಸು ಹತ್ತೊಂಬತ್ತು. ಮುಖದ ತುಂಬ ನಗು. ಒಂದು ಕೈ ಮಾತ್ರ ಅಂಗಿಯ ಜೇಬಿನ ಮೇಲಿಂದ ಕದಲಲಿಲ್ಲ.

“ಮಾವ, ಅವ್ವ ಟಗರು ಮಾರಿದ ದುಡ್ಡು. ಇಪ್ಪತ್ತೈದು ಸಾವಿರ ಐತೆ. ಗಣೇಶನ ಹಬ್ಬದ ರಸಮಂಜರಿಗೆ ನಾನೇ ಗಿಟಾರು. ನೀನು ಬರ್ಲೇಬೇಕು. ಅಂಗಡಿಯೋರು ಏನಾರ ಹೇಳಿ ತಲೆಗೆ ಕಟ್ಟಿಬಿಡ್ತಾರೆ.”

“ಯಾವ ಗಿಟಾರ್ ಬೇಕೋ?”

ಫೋನಿನಲ್ಲಿ ಚಿತ್ರ ತೋರಿಸಿದ. ಎರಡು ಕೊಂಬಿನ ಮೈ, ಎದೆಯ ಮೇಲೆ ಮೂರು ಪಿಕಪ್ಪು, ಕೆಳಗೆ ಸಾಲಾಗಿ ಮೂರು ತಿರುಗುಣಿ. ಜಗತ್ತಿನ ಯಾವ ಮೂಲೆಯಲ್ಲಿ ತೋರಿಸಿದರೂ ‘ಇದು ಎಲೆಕ್ಟ್ರಿಕ್ ಗಿಟಾರ್’ ಅನ್ನುವಂಥ ರೂಪ. ಫೆಂಡರ್ ಸ್ಟ್ರಾಟೊಕಾಸ್ಟರ್!

ನಾನು ಬೆಚ್ಚಿಬಿದ್ದೆ. “ಲೇ, ಇದಕ್ಕೆ ಟಗರಲ್ಲ, ಹಟ್ಟೀನೇ ಮಾರ್ಬೇಕು!”

ಹುಡುಗ ನಕ್ಕುಬಿಟ್ಟ. “ಅದಲ್ಲ ಮಾವ. ಅದರ ಡ್ಯೂಪು!”

ಡ್ಯೂಪು! ಚಿತ್ರರಸಿಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕೆ? ಪೋಸ್ಟರಿನಲ್ಲಿ ಮಿಂಚುವವನು ಹೀರೋ. ಬಂಡೆಯಿಂದ ಹಾರಿ ಮೂಳೆ ಮುರಿದುಕೊಳ್ಳುವವನು ಡ್ಯೂಪು. ಹಾಗಾದರೆ ಗಿಟಾರಿನ ಲೋಕದ ಈ ಡ್ಯೂಪು ಹಾರಬಲ್ಲನೆ, ಇಲ್ಲ ಬರೀ ವೇಷವೆ? ಬೆಂಗಳೂರಿನ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿದ್ದದ್ದು ಅದೊಂದೇ ಪ್ರಶ್ನೆ. ಅದಕ್ಕೆ ಕಾರಣವೂ ಇತ್ತು....

ಅಟ್ಟ ಸೇರಿದ ಗಿಟಾರ್

1987. ‘ಪ್ರೇಮಲೋಕ’ ತೆರೆಕಂಡ ವರ್ಷ! ರವಿಚಂದ್ರನ್–ಹಂಸಲೇಖ ಜೋಡಿಯ ಹಾಡುಗಳು ಹೋಟೆಲು, ಟೆಂಟು, ಬಸ್ಸು ಎಲ್ಲೆಲ್ಲೂ ಮೊಳಗುತ್ತಿದ್ದವು. ನಮ್ಮ ಕಡೆಯ ಆರ್ಕೆಸ್ಟ್ರಾಗಳಿಗೆ ಕೈತುಂಬ ಕೆಲಸ. ಇವತ್ತು ಹೊಳಲ್ಕೆರೆ, ನಾಳೆ ಹೊಸದುರ್ಗ. ಅಂಥದೊಂದು ತಂಡದಲ್ಲಿ ನಾನೂ ಗಿಟಾರ್ ಹಿಡಿದು ನಿಂತಿದ್ದೆ.

ಆ ಕಾಲದಲ್ಲಿ ವಿದೇಶಿ ವಾದ್ಯವೆಂದರೆ ಆಮದು ಲೈಸೆನ್ಸು, ಸುಂಕ ಎಂಬ ನೂರೆಂಟು ಕಾಟ. ನನ್ನ ಕೈಗೆ ಸಿಕ್ಕಿದ್ದು ಹೆಸರೂ ಊರೂ ಗೊತ್ತಿಲ್ಲದ ಅಗ್ಗದ ಎಲೆಕ್ಟ್ರಿಕ್ ಗಿಟಾರ್. ನೋಡಲು ಸ್ಟ್ರಾಟೊಕಾಸ್ಟರಿನಂತೆಯೇ! ಒಂದು ಜಾತ್ರೆಯ ರಾತ್ರಿ, ಹಾಡಿನ ನಡುವಿನ ಬಿಟ್ ಬಂತು. ಕತ್ತಿನ ಮೇಲೆ ಬೆರಳು ಮೇಲಕ್ಕೆ ಏರಿದಂತೆ ಸ್ವರ ಶ್ರುತಿ ಬಿಟ್ಟು ಓಡಿತು. ಗಾಯಕ ತಿರುಗಿ ನೋಡಿದ. ಮುಂದಿನ ಸಾಲಿನಲ್ಲಿ ಶಿಳ್ಳೆ.... ಮೆಚ್ಚುಗೆಯ ಶಿಳ್ಳೆಯಲ್ಲ!

ನನಗೆ ಸಂಗೀತ ಒಲಿಯಲಿಲ್ಲ ಎಂದುಕೊಂಡೆ. ಗಿಟಾರ್ ಅಟ್ಟ ಸೇರಿತು.

ಎಷ್ಟೋ ವರ್ಷಗಳ ಮೇಲೆ ಬಲ್ಲವರೊಬ್ಬರು ಅದನ್ನು ಕೈಗೆತ್ತಿಕೊಂಡು ಎರಡೇ ನಿಮಿಷದಲ್ಲಿ ಹೇಳಿದರು: “ಇದರ ಬ್ರಿಜ್ಜನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದಾರೆ. ಸಾಕ್ಷಾತ್ ಸರಸ್ವತಿ ನುಡಿಸಿದ್ರೂ ಅಪಶ್ರುತಿನೇ!”

ಗೆಳೆಯರೇ, ಕೆಟ್ಟ ಗಿಟಾರ್ ಮಾಡುವ ದೊಡ್ಡ ಮೋಸ ದುಡ್ಡಿನದಲ್ಲ. ತಪ್ಪು ತನ್ನದಾದರೂ ಅದನ್ನು ನಿಮ್ಮ ಬೆರಳಿನ ಮೇಲೆ ಹೊರಿಸುತ್ತದೆ. ನೀವು ನಂಬಿಬಿಡುತ್ತೀರಿ!

ರೇಡಿಯೋ ರಿಪೇರಿಯವನ ಹೀರೋ

ಡ್ಯೂಪನ್ನು ಅಳೆಯುವ ಮೊದಲು ಹೀರೋನ ಜಾತಕ ನೋಡೋಣ. ಸ್ಟ್ರಾಟೊಕಾಸ್ಟರ್ ಹುಟ್ಟಿದ್ದು 1954ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ. ಅದರ ಜನಕ ಲಿಯೋ ಫೆಂಡರ್ ದೊಡ್ಡ ವಿದ್ವಾಂಸನಲ್ಲ. ರೇಡಿಯೋ ರಿಪೇರಿ ಮಾಡುತ್ತಿದ್ದವ. ಸೋಜಿಗವೆಂದರೆ ಅವನಿಗೆ ಗಿಟಾರ್ ನುಡಿಸಲೇ ಬರುತ್ತಿರಲಿಲ್ಲ!

ರಿಪೇರಿಯವನ ಬುದ್ಧಿ ನೋಡಿ. ಅಂದಿನ ಒಳ್ಳೆಯ ಗಿಟಾರುಗಳ ಕತ್ತನ್ನು ಮೈಗೆ ಅಂಟು ಹಾಕಿ ಕೂರಿಸುತ್ತಿದ್ದರು. ಲಿಯೋ ಅದನ್ನು ನಾಲ್ಕು ಸ್ಕ್ರೂಗಳಲ್ಲಿ ಬಿಗಿದ. ಕತ್ತು ಕೆಟ್ಟರೆ ಕತ್ತು ಬದಲಿಸಿ, ಪಿಕಪ್ ಕೆಟ್ಟರೆ ಪಿಕಪ್ ಬದಲಿಸಿ. ಮೈಯನ್ನು ಹಲಗೆಯಿಂದ ಕೊರೆದ, ಎದೆಗೆ ಒತ್ತದ ಹಾಗೆ ಅಂಚನ್ನು ಸವರಿದ. ಕಾರ್ಖಾನೆಯಲ್ಲಿ ಬೇಗ ಬೇಗ ತಯಾರಾಗುವ, ದುಡಿಯುವ ವಾದಕನ ವಾದ್ಯ ಅದು. ಆದರೂ ಅಂದಿನ ಬೆಲೆ 249 ಡಾಲರ್ 50 ಸೆಂಟ್. ಅಂದಿನವರಿಗೆ ಸಣ್ಣ ಮೊತ್ತವಲ್ಲ. 1969ರ ವುಡ್‌ಸ್ಟಾಕ್ ಮೇಳದಲ್ಲಿ ಎಡಗೈ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈಯವರ ಬಿಳಿ ಸ್ಟ್ರಾಟೊಕಾಸ್ಟರನ್ನು ತಲೆಕೆಳಗು ಮಾಡಿ ನುಡಿಸಿದ ಮೇಲೆ ಅದು ವಾದ್ಯವಾಗಿ ಉಳಿಯಲಿಲ್ಲ.... ತಾರೆಯಾಯಿತು!

ನಮ್ಮ ಚಿತ್ರರಂಗಕ್ಕೂ ಗಿಟಾರಿನ ನಂಟು ಹಳೆಯದು. ಇಳಯರಾಜ ದೊಡ್ಡ ಹೆಸರು ಮಾಡುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸಿ ಪಳಗಿದವರು. ಮುಂದೆ 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಅವರೇ ಸಂಗೀತ ಕೊಟ್ಟರು. 1980ರ ಹಿಂದಿ ‘ಕರ್ಜ್’ ಚಿತ್ರದ ಕಥೆಯಂತೂ ಒಂದು ಗಿಟಾರ್ ಧುನಿಯ ಮೇಲೇ ನಿಂತಿದೆ. ಅದೇ ಕಥೆ 1989ರಲ್ಲಿ ರವಿಚಂದ್ರನ್ ಅವರ ‘ಯುಗಪುರುಷ’ವಾಗಿ ಕನ್ನಡಕ್ಕೆ ಬಂತು. ಹಳ್ಳಿ ಹುಡುಗರಿಗೆ ಹುಚ್ಚು ಹಿಡಿಯದೆ ಇದ್ದೀತೆ?

ಡ್ಯೂಪ್ ಹುಟ್ಟಿದ ಕಥೆ

ಎಪ್ಪತ್ತರ ದಶಕದಲ್ಲಿ ಜಪಾನಿನವರು ಸ್ಟ್ರಾಟೊಕಾಸ್ಟರನ್ನು ಹೋಲುವ ಗಿಟಾರುಗಳನ್ನು ಕಡಿಮೆ ಬೆಲೆಗೆ ಮಾರತೊಡಗಿದರು. ಕೆಲವಂತೂ ಬಹಳ ಚೆನ್ನಾಗಿದ್ದವು! ಫೆಂಡರ್ ಕಂಪನಿಯ ನಿದ್ದೆ ಕೆಟ್ಟಿತು. ಏನು ಮಾಡಿತು ಗೊತ್ತೆ? 1982ರಲ್ಲಿ ತಾನೇ ಜಪಾನಿಗೆ ಹೋಗಿ ತನ್ನದೇ ಡ್ಯೂಪನ್ನು ಮಾಡಿಸಿತು! ಅದಕ್ಕೆ ಇಟ್ಟ ಹೆಸರು ಸ್ಕ್ವಾಯರ್. 1965ರಲ್ಲಿ ಫೆಂಡರ್ ಕೊಂಡಿದ್ದ ಒಂದು ಹಳೆಯ ತಂತಿ ಕಂಪನಿಯ ಹೆಸರು ಅದು. ಆ ಮೊದಲ ಜಪಾನಿ ಸ್ಕ್ವಾಯರುಗಳಿಗೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಡ್ಯೂಪಿಗೂ ಅಭಿಮಾನಿ ಸಂಘ!

ಈಗ ಸ್ಕ್ವಾಯರ್‌ಗಳು ಹೆಚ್ಚಾಗಿ ತಯಾರಾಗುವುದು ಇಂಡೋನೇಷ್ಯಾ, ಚೀನಾಗಳಲ್ಲಿ. ಅತಿ ಅಗ್ಗದ ಮಾದರಿ ನಮ್ಮಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ಅಮೆರಿಕದ ಫೆಂಡರ್ ಲಕ್ಷದ ಗಡಿ ದಾಟಿದ ಮೇಲೇ ಮಾತು.

ಆ ಎಂಬತ್ತು ಸಾವಿರಕ್ಕೂ ಮಿಗಿಲಾದ ಅಂತರ ಎಲ್ಲಿಗೆ ಹೋಯಿತು? ಮರಕ್ಕೆ ಸ್ವಲ್ಪ: ಅಲ್ಲಿ ಆಲ್ಡರ್, ಇಲ್ಲಿ ಅಗ್ಗದ ಪಾಪ್ಲರ್. ಪಿಕಪ್ಪಿಗೆ ಸ್ವಲ್ಪ: ಪಿಕಪ್ಪೆಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳುವಾದ ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅಸಲಿಯಲ್ಲಿ ಆಲ್ನಿಕೋ ಅಯಸ್ಕಾಂತ, ಅಗ್ಗದ್ದರಲ್ಲಿ ಸಿರಾಮಿಕ್. ಆಲ್ನಿಕೋದ ನಾದ ದುಂಡಗೆ, ಸಿರಾಮಿಕ್ಕಿನದು ತುಸು ಚುರುಕು, ಖಾರ. ಆದರೆ ದೊಡ್ಡ ಪಾಲು ಹೋಗುವುದು ಕೂಲಿಗೆ. ಫ್ರೆಟ್ಟುಗಳ ತುದಿ ಉಜ್ಜುವ, ತಂತಿಯ ಗಾಡಿ ಕೊರೆಯುವ ಮನುಷ್ಯನ ಸಮಯಕ್ಕೆ! ಅಗ್ಗದ ಗಿಟಾರಿಗೆ ಸಿಗದಿರುವುದು ಆ ಸಮಯ. ಒಂದೇ ಮಾದರಿಯ ನಾಲ್ಕು ಗಿಟಾರ್ ನಾಲ್ಕು ತರಹ ಇರುವುದು ಇದೇ ಕಾರಣಕ್ಕೆ. ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ. ಕೈಯಲ್ಲಿ ಹಿಡಿದ ಆ ಒಂದನ್ನು ನೋಡಿ ಕೊಳ್ಳಿ.

ಐದು ಸ್ಕ್ರೀನ್ ಟೆಸ್ಟ್!

ಅಂಗಡಿಯಲ್ಲಿ ಮೊದಲು ಕೈಗೆ ಕೊಟ್ಟದ್ದು ಬೇರೊಂದು ಗಿಟಾರ್, ಹೆಸರು ಬೇಡ. ಕೆಂಪಗೆ ಫಳಫಳ ಹೊಳೆಯುತ್ತಿತ್ತು. ಹುಡುಗ ಮನಸೋತ. “ಮಾವ, ಇದೇ!” ಅಂದ. “ತಡಿ, ಮೇಕಪ್ ನೋಡಿ ಮಾರುಹೋಗ್ಬೇಡ” ಅಂದೆ.

ಒಂದು: ಕತ್ತು. ಬಂದೂಕಿನ ಗುರಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ತಲೆಯ ಕಡೆಯಿಂದ ನೋಡಿ. ತಿರುಚಿಕೊಂಡಿದ್ದರೆ ಕೆಳಗಿಡಿ, ಅದಕ್ಕೆ ಮದ್ದಿಲ್ಲ. ಬರೀ ಬಾಗಿದ್ದರೆ ಚಿಂತೆಯಿಲ್ಲ. ಒಳಗಿರುವ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿ ಸರಿಮಾಡಬಹುದು. ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಕಾಲು ಮಿಲಿಮೀಟರ್ ಸಂದು ಇದ್ದರೆ ಸೊಗಸು.

ಎರಡು: ಹನ್ನೆರಡನೇ ಫ್ರೆಟ್. ನನ್ನನ್ನು ಹಾಳುಮಾಡಿದ್ದು ಇದೇ! ಸ್ಟ್ರಾಟೊಕಾಸ್ಟರಿನ ತಂತಿಯ ಅಳತೆ 25½ ಇಂಚು. ಹನ್ನೆರಡನೇ ಫ್ರೆಟ್ ಅದರ ಸರಿಯರ್ಧ. ಅಲ್ಲಿ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಬೇಕು. ಒತ್ತಿದಾಗ ಸ್ವರ ಏರಿದರೆ ಬ್ರಿಜ್ಜಿನ ಮೇಲಿನ ಆ ತಂತಿಯ ಪುಟ್ಟ ಕುದುರೆಯನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಬೇಕು. ಆರು ತಂತಿಗೆ ಆರು ಬೇರೆ ಬೇರೆ ಕುದುರೆ ಇಟ್ಟಿದ್ದೇ ಲಿಯೋನ ಜಾಣತನ. ಕುದುರೆ ಕೊನೆ ಮುಟ್ಟಿದರೂ ಸ್ವರ ಕೂಡದಿದ್ದರೆ.... ದೊಡ್ಡ ನಮಸ್ಕಾರ!

ಮೂರು: ಫ್ರೆಟ್ಟು. ಪ್ರತಿ ತಂತಿಯನ್ನು ಪ್ರತಿ ಫ್ರೆಟ್ಟಿನಲ್ಲೂ ಮೀಟಿ. ಅಂಗಡಿಯವನು ಗೊಣಗಲಿ ಬಿಡಿ. ಎಲ್ಲಿ ಜಿರ್ ಎನ್ನುತ್ತದೆ, ಎಲ್ಲಿ ಸ್ವರ ಸಾಯುತ್ತದೆ ನೋಡಿ. ಕತ್ತಿನ ಅಂಚಿನ ಉದ್ದಕ್ಕೂ ಅಂಗೈ ಸವರಿ. ಚುಚ್ಚಬಾರದು.

ನಾಲ್ಕು: ನಿಯತ್ತು. ಶ್ರುತಿ ಮಾಡಿ, ಪ್ರತಿ ತಂತಿಯನ್ನೂ ಹತ್ತು ಸಲ ಎಳೆದು ಬಗ್ಗಿಸಿ ಮತ್ತೆ ನೋಡಿ. ಹೊಸ ತಂತಿ ಮೊದಲು ಸಡಿಲವಾಗುವುದು ಸಹಜ. ಮೂರನೇ ಸಲವೂ ಜಾರಿದರೆ ಬಿರಡೆಯನ್ನೋ, ತಂತಿ ಕೂರುವ ಗಾಡಿಯನ್ನೋ ಶಂಕಿಸಿ. ಗಾಡಿಯಲ್ಲಿ ತಂತಿ ಕಚ್ಚಿಕೊಂಡು ‘ಟಿಂಕ್’ ಎನ್ನುತ್ತಿದ್ದರೆ ಪೆನ್ಸಿಲ್ ಸೀಸ ಉಜ್ಜಿದರೂ ಸಾಕು!

ಐದು: ಕರೆಂಟು. ತಿರುಗುಣಿಗಳನ್ನು ತಿರುಗಿಸಿ, ಕರಕರ ಎನ್ನಬಾರದು. ಐದು ಸ್ಥಾನದ ಸ್ವಿಚ್ಚು ಐದು ಬಣ್ಣದ ನಾದ ಕೊಡಬೇಕು. ಹಳೆಯ ಸ್ಟ್ರಾಟೊಕಾಸ್ಟರಿನಲ್ಲಿದ್ದದ್ದು ಮೂರೇ ಸ್ಥಾನ; ವಾದಕರು ಸ್ವಿಚ್ಚನ್ನು ನಡುವೆ ಸಿಕ್ಕಿಸಿ ಹೊಸ ನಾದ ಕಂಡುಕೊಂಡರು. 1977ರಲ್ಲಿ ಕಂಪನಿಯೇ ಐದು ಮಾಡಿತು. ಇನ್ನು ಈ ಜಾತಿಯ ಪಿಕಪ್ಪು ‘ಗುಂಯ್’ ಎನ್ನುವುದು ಹುಟ್ಟುಗುಣ, ಲಕ್ಷದ ಗಿಟಾರಿಗೂ ಅದು ತಪ್ಪಿದ್ದಲ್ಲ. ನಡುವಿನ ಪಿಕಪ್ಪನ್ನು ತಿರುವುಮುರುವಾಗಿ ಸುತ್ತಿದ್ದರೆ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಗುಂಯ್ ಅಡಗುತ್ತದೆ.

ಕೆಂಪು ಸುಂದರಾಂಗ ಎರಡನೇ ಟೆಸ್ಟಿನಲ್ಲೇ ಬಿದ್ದ. ಮೂರನೆಯದಾಗಿ ಬಂದ ಕಪ್ಪು ಸ್ಕ್ವಾಯರ್ ಐದೂ ಗೆದ್ದಿತು. ಹುಡುಗ ಕೆಂಪನ್ನೇ ತಿರುತಿರುಗಿ ನೋಡುತ್ತ ಕಪ್ಪನ್ನು ಹೆಗಲಿಗೇರಿಸಿದ.

ವೈರ್ ಎಲ್ಲಿ ಸ್ವಾಮಿ?

ಇಪ್ಪತ್ತೈದನ್ನೂ ಗಿಟಾರಿಗೇ ಸುರಿಯಬೇಡಿ! ಸಿನಿಮಾದಲ್ಲಿ ಹೀರೋ ಬೆಟ್ಟದ ತುದಿಯಲ್ಲಿ ನಿಂತು ಎಲೆಕ್ಟ್ರಿಕ್ ಗಿಟಾರ್ ಝೇಂಕರಿಸುತ್ತಾನೆ. ವೈರ್ ಎಲ್ಲಿ? ಯಾರೂ ಕೇಳುವುದಿಲ್ಲ. ನಿಜ ಜೀವನದಲ್ಲಿ ಆಂಪ್ಲಿಫೈಯರ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ನೊಣದಂತೆ ಗುಯ್‌ಗುಟ್ಟುತ್ತದೆ ಅಷ್ಟೆ. ಒಂದು ಪುಟ್ಟ ಆಂಪ್ಲಿಫೈಯರ್, ಗಟ್ಟಿ ವೈರು, ಎರಡು ಸೆಟ್ ತಂತಿ, ಬಲ್ಲವನ ಕೈಯಲ್ಲಿ ಒಂದು ಸಲ ಸೆಟಪ್. ಇದಕ್ಕೆಲ್ಲ ಮೊದಲೇ ದುಡ್ಡು ತೆಗೆದಿಡಿ. ಸೆಟಪ್ ಆದ ಅಗ್ಗದ ಗಿಟಾರು, ಸೆಟಪ್ ಆಗದ ದುಬಾರಿ ಗಿಟಾರಿಗಿಂತ ಮೇಲು.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಹಳ್ಳಿಯ ಪೆಂಡಾಲಿನಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಗುಲಿದಾಗ ಶಾಕ್ ಹೊಡೆಯಬಹುದು. ಪ್ರಾಣಕ್ಕೇ ಸಂಚಕಾರ! ಆಂಪ್ಲಿಫೈಯರಿನ ಮೂರು ಪಿನ್ನಿನಲ್ಲಿ ಒಂದನ್ನು ಕಿತ್ತು ಎರಡು ಪಿನ್ನಿಗೆ ಸಿಕ್ಕಿಸುವ ಬುದ್ಧಿವಂತಿಕೆ ಬೇಡ. ಎಲೆಕ್ಟ್ರಿಷಿಯನ್ನನ್ನು ಮೊದಲು ವಿಚಾರಿಸಿ, ಆಮೇಲೆ ಸ್ಟೇಜು ಹತ್ತಿ.

ನಮ್ಮ ಬಯಲುಸೀಮೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಯಾವ ಕಂಪನಿಯ ಗಿಟಾರೇ ಆಗಲಿ, ಮರ ಮರವೇ. ದುರ್ಗದ ಒಣ ಬಿಸಿಲಿಗೆ ಕತ್ತಿನ ಮರ ಕುಗ್ಗುತ್ತದೆ, ಲೋಹದ ಫ್ರೆಟ್ಟು ಕುಗ್ಗುವುದಿಲ್ಲ. ಚೈತ್ರದ ಹೊತ್ತಿಗೆ ತುದಿಗಳು ಹೊರಬಂದು ಕೈ ಗೀರುತ್ತವೆ. ಗಾಬರಿ ಬೇಡ, ಸಣ್ಣ ಅರ ಹಿಡಿದು ತಿಳಿದವರು ಸವರಿಕೊಡುತ್ತಾರೆ. ಶೀಟಿನ ಮಾಡಿನ ಕೆಳಗೆ ಗೋಡೆಗೆ ನೇತುಹಾಕದೆ ಚೀಲದೊಳಗೆ ನೆರಳಲ್ಲಿಡಿ.

ಕೋಡಿ ಬಿದ್ದ ರಾತ್ರಿ

ಗಣೇಶನ ಹಬ್ಬ ಬಂತು. ಪೆಂಡಾಲಿನಲ್ಲಿ ಮೂರು ಗಂಟೆ ರಸಮಂಜರಿ. ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತ ನನ್ನ ತಂಗಿಗೆ ಫೆಂಡರೂ ಗೊತ್ತಿಲ್ಲ, ಸ್ಕ್ವಾಯರೂ ಗೊತ್ತಿಲ್ಲ. ಟಗರು ಗೊತ್ತು, ಮಗ ಗೊತ್ತು. ನಡುವಿನ ಬಿಟ್ ಬಂದಾಗ ನಾನು ಕಣ್ಣು ಮುಚ್ಚಿದೆ. ಹುಡುಗನ ಬೆರಳು ಮೇಲಕ್ಕೆ ಏರಿತು, ಇನ್ನೂ ಮೇಲಕ್ಕೆ.... ಸ್ವರ ಕದಲಲಿಲ್ಲ! ಶಿಳ್ಳೆ ಬಿತ್ತು. ಈ ಸಲ ನಿಜವಾದ ಶಿಳ್ಳೆ!

ಹಾಗಾದರೆ ತೀರ್ಪು? ಸ್ಟುಡಿಯೋದಲ್ಲಿ ಪಕ್ಕಪಕ್ಕ ಇಟ್ಟು ಕೇಳಿದರೆ ಹೀರೋ ಹೀರೋನೇ, ಡ್ಯೂಪು ಡ್ಯೂಪೇ. ಆದರೆ ರಿಪೇರಿಯವನು ದುಡಿಯುವವರಿಗಾಗಿ ಸ್ಕ್ರೂ ಹಾಕಿ ಜೋಡಿಸಿದ ಗಿಟಾರಿನ ಗುಣ ಈ ಡ್ಯೂಪಿನಲ್ಲೂ ಉಳಿದಿದೆ. ಆರಿಸಿ ತಂದರೆ, ಸೆಟಪ್ ಮಾಡಿಸಿದರೆ, ಅದು ಸುಳ್ಳು ಹೇಳುವುದಿಲ್ಲ. ಕಲಿಯುವ ಹುಡುಗನಿಗೆ ಗಿಟಾರಿನಿಂದ ಬೇಕಾದದ್ದು ಅಷ್ಟೇ.

ಎಲ್ಲ ಮುಗಿದು ಜನ ಚದುರಿದ ಮೇಲೆ ಹುಡುಗ ಗಿಟಾರನ್ನು ನನ್ನ ಕೊರಳಿಗೆ ಹಾಕಿಬಿಟ್ಟ. “ನೀನೂ ಒಂದು ನುಡಿಸು ಮಾವ. ನಮ್ಮ ಕಣಿವೇನೇ 1933ರಲ್ಲಿ ತುಂಬಿದ್ದು, 89 ವರ್ಷ ಕಾದು 2022ರಲ್ಲಿ ಕೋಡಿ ಬೀಳ್ಲಿಲ್ವಾ?”

ನುಡಿಸಿದೆ. 1987ರ ಅದೇ ಬಿಟ್. ಎರಡು ಕಡೆ ತಪ್ಪಿತು. ಆದರೆ ಈ ಸಲ ತಪ್ಪು ಗಿಟಾರಿನದಲ್ಲ, ನನ್ನ ಬೆರಳಿನದು. ಬೆರಳಿನ ತಪ್ಪನ್ನು ತಿದ್ದಿಕೊಳ್ಳಬಹುದು.

ಮಾರನೇ ದಿನದಿಂದ ಅಭ್ಯಾಸ ಶುರು!