ಮಿಗ್ ಯಂತ್ರದ ದುರಸ್ತಿ: ತಂತಿಯ ದಾರಿ ಹಿಡಿದು

ಮಿಗ್ ವೆಲ್ಡಿಂಗ್‌ನಲ್ಲಿ ಎಲೆಕ್ಟ್ರೋಡ್ ಎಂದರೆ ಸ್ಪೂಲಿನಿಂದ ಬಿಚ್ಚಿಕೊಳ್ಳುತ್ತಲೇ ಬರುವ ತಂತಿ. ಫೀಡರ್ ಅದನ್ನು ಟಾರ್ಚಿಗೆ ತಳ್ಳುತ್ತದೆ, ಟಾರ್ಚಿನ ತುದಿಯಲ್ಲಿರುವ ತಾಮ್ರದ ಟಿಪ್ ಅದಕ್ಕೆ ಕರೆಂಟ್ ಮುಟ್ಟಿಸುತ್ತದೆ, ನಾಜಲ್‌ನಿಂದ ಬರುವ ಅನಿಲ ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಕಾಯುತ್ತದೆ. ಕಬ್ಬಿಣದ ಕೆಲಸದಲ್ಲಿ ಈ ಅನಿಲ ಬಹುಮಟ್ಟಿಗೆ ಕಾರ್ಬನ್ ಡೈಆಕ್ಸೈಡ್. ಹಾಗಾಗಿ ವರ್ಕ್‌ಶಾಪಿನವರ ಬಾಯಲ್ಲಿ ಇದು ಸಿಒಟು ವೆಲ್ಡಿಂಗ್.

ರಾಡ್ ವೆಲ್ಡಿಂಗ್ ಯಂತ್ರ ಕರೆಂಟನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿಡುತ್ತದೆ. ಮಿಗ್ ಯಂತ್ರ ವೋಲ್ಟೇಜನ್ನು ಹಾಗಿಡುತ್ತದೆ. ಇಲ್ಲಿ ಎಷ್ಟು ಆಂಪಿಯರ್ ಹರಿಯಬೇಕೆಂದು ತೀರ್ಮಾನಿಸುವುದು ತಂತಿಯ ವೇಗ. ತಂತಿ ಬೇಗ ಬಂದಷ್ಟೂ ಅದನ್ನು ಕರಗಿಸಲು ಹೆಚ್ಚು ಕರೆಂಟ್ ಹರಿಯುತ್ತದೆ. ತಂತಿ ಕ್ಷಣ ತಡೆದರೆ ಆರ್ಕ್ ಉದ್ದವಾಗಿ ಕರೆಂಟ್ ಕುಸಿಯುತ್ತದೆ. ಟಾರ್ಚ್ ಹಿಡಿದ ಕೈ ತುಸು ಮೇಲೆ ಕೆಳಗೆ ಆದರೂ ಆರ್ಕ್ ತಾನಾಗಿಯೇ ಹದಕ್ಕೆ ಮರಳುವುದು ಇದೇ ಗುಣದಿಂದ. ಅದಕ್ಕೆ ಯಾವ ಚಿಪ್ಪಿನ ನೆರವೂ ಬೇಕಿಲ್ಲ! ಆದರೆ ರಿಪೇರಿಯವರ ದಾರಿ ತಪ್ಪಿಸುವುದೂ ಇದೇ ಗುಣ. ತಂತಿ ಎಲ್ಲೋ ತೊಡರಿದರೆ ಮೀಟರಿನ ಅಂಕಿ ಕುಣಿಯುತ್ತದೆ, ಆರ್ಕ್ ಪಟಪಟ ಸಿಡಿಯುತ್ತದೆ. ನೋಡಿದವರು ‘ಬೋರ್ಡ್ ಹೋಗಿದೆ’ ಎಂದು ಸ್ಕ್ರೂ ಬಿಚ್ಚತೊಡಗುತ್ತಾರೆ. ಬೋರ್ಡು ಚೆನ್ನಾಗಿಯೇ ಇರುತ್ತದೆ.

ಎರಡನೆಯ ತಪ್ಪು ಇನ್ನೂ ಸಾಮಾನ್ಯ: ತಂತಿ ಸರಿಯಾಗಿ ಬರುತ್ತಿಲ್ಲವೆಂದು ರೋಲರಿನ ಸ್ಪ್ರಿಂಗನ್ನು ಬಿಗಿ ಮಾಡುವುದು. ಆ ದಿನಕ್ಕೆ ಕೆಲಸ ನಡೆಯುತ್ತದೆ, ಅದೇ ತೊಂದರೆ. ಅತಿ ಒತ್ತಡಕ್ಕೆ ತಂತಿಯ ಮೇಲಿನ ತಾಮ್ರದ ಲೇಪ ಪುಡಿಯಾಗಿ ಉದುರುತ್ತದೆ, ತಂತಿ ಚಪ್ಪಟೆಯಾಗುತ್ತದೆ. ಪುಡಿ ಹೋಗಿ ಕೂರುವುದು ಲೈನರ್‌ನೊಳಗೆ. ಲೈನರ್ ಎಂದರೆ ಟಾರ್ಚ್ ಕೇಬಲ್ಲಿನ ಉದ್ದಕ್ಕೂ ಇರುವ ಉಕ್ಕಿನ ಸುರುಳಿ, ಸೈಕಲ್ಲಿನ ಬ್ರೇಕ್ ವೈರಿನ ಹೊರಕವಚದಂಥದು. ಅದು ಕಟ್ಟಿಕೊಂಡಷ್ಟೂ ತಂತಿ ಇನ್ನಷ್ಟು ತಡೆಯುತ್ತದೆ, ಸ್ಪ್ರಿಂಗ್ ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಕಡೆಗೊಮ್ಮೆ ಟಿಪ್ಪಿನಲ್ಲಿ ತಂತಿ ಕಚ್ಚಿಕೊಂಡಾಗ ಸಡಿಲ ರೋಲರ್ ಆಗಿದ್ದರೆ ಜಾರಿ ಸುಮ್ಮನಾಗುತ್ತಿತ್ತು. ಬಿಗಿದ ರೋಲರ್ ತಳ್ಳುತ್ತಲೇ ಹೋಗುತ್ತದೆ. ಮುಂದೆ ದಾರಿಯಿಲ್ಲದ ತಂತಿ ರೋಲರಿಗೂ ಲೈನರಿನ ಬಾಯಿಗೂ ನಡುವೆ ಸುತ್ತಿಕೊಂಡು ಗಂಟಾಗುತ್ತದೆ.

ತಡೆ ಎಲ್ಲಿದೆಯೆಂದು ತಿಳಿಯಲು ತುದಿಯಿಂದ ಹಿಂದಕ್ಕೆ ಬರಬೇಕು. ಮೊದಲು ಟಿಪ್ ಕಳಚಿ ತಂತಿ ಓಡಿಸುವುದು. ಸರಾಗವಾಗಿ ಬಂದರೆ ತಪ್ಪು ಟಿಪ್ಪಿನದು. ಬರದಿದ್ದರೆ ಕೇಬಲ್ಲನ್ನು ನೆಲದ ಮೇಲೆ ನೆಟ್ಟಗೆ ಹಾಸಿ ನೋಡುವುದು. ಆಗ ಬಂದು, ಸುತ್ತಿದಾಗ ನಿಂತರೆ ಲೈನರ್ ಕೊಳಕಾಗಿದೆ ಅಥವಾ ಮಡಿಚಿಕೊಂಡಿದೆ. ನೆಟ್ಟಗಿದ್ದರೂ ತಡೆದರೆ ರೋಲರ್ ಎತ್ತಿ ಸ್ಪೂಲಿನಿಂದ ತಂತಿಯನ್ನು ಕೈಯಿಂದ ಎಳೆಯುವುದು. ಬಿಗಿಯೆನಿಸಿದರೆ ಸ್ಪೂಲಿನ ಬ್ರೇಕ್ ಸಡಿಲಿಸಬೇಕು. ಉಳಿದದ್ದು ತಂತಿ ಕೂರುವ ರೋಲರಿನ ತೋಡು: 0.8 ಮಿ.ಮೀ. ತಂತಿಗೆ 1.2ರ ತೋಡಿನ ರೋಲರ್ ಕೂತಿದ್ದರೆ ಎಷ್ಟು ಬಿಗಿದರೂ ಹಿಡಿತ ಸಿಗದು. ಸರಿಯಾದ ಒತ್ತಡವನ್ನು ಒಣ ಮರದ ತುಂಡಿನಿಂದ ಅಳೆಯಬಹುದು. ಟಾರ್ಚನ್ನು ಮರದಿಂದ 5–6 ಸೆಂ.ಮೀ. ದೂರ ಹಿಡಿದಾಗ ತಂತಿ ಬಾಗಿಕೊಂಡು ಬರುತ್ತಿರಬೇಕು, 1 ಸೆಂ.ಮೀ.ಗೆ ತಂದಾಗ ರೋಲರ್ ಜಾರಬೇಕು.

ಟಿಪ್ ಇಡೀ ಯಂತ್ರದಲ್ಲಿ ಅಗ್ಗದ ಬಿಡಿಭಾಗ, ಜಿಪುಣತನ ಹೆಚ್ಚು ನಡೆಯುವುದೂ ಅದರಲ್ಲೇ. ಸವೆದ ಟಿಪ್ಪಿನ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ ತಂತಿ ಒಮ್ಮೆ ತಾಗಿ ಒಮ್ಮೆ ಬಿಡುತ್ತದೆ. ಒಳಗೇ ಕಿಡಿ ಹಾರಿ ತಂತಿ ಅಂಟಿಕೊಳ್ಳುತ್ತದೆ. ರಂಧ್ರವನ್ನು ಬೆಳಕಿಗೆ ಹಿಡಿದರೆ ಸವಕಳಿ ಕಣ್ಣಿಗೇ ಕಾಣುತ್ತದೆ.

ತಂತಿ ಸರಿಯಿದ್ದೂ ಆರ್ಕ್ ಮಂಕಾದರೆ ಕರೆಂಟ್ ಮರಳುವ ದಾರಿಯನ್ನು ಸಂಶಯಿಸಬೇಕು. ಅರ್ತಿಂಗ್ ಕ್ಲ್ಯಾಂಪನ್ನು ತುಕ್ಕು, ಪೇಂಟಿನ ಮೇಲೆ ಕಚ್ಚಿಸಿದಾಗ ಬರುವ ಪ್ರತಿರೋಧ 0.02 ಓಮ್ ಎಂದಿಟ್ಟುಕೊಂಡರೂ 150 ಆಂಪಿಯರಿಗೆ 3 ವೋಲ್ಟ್ ಅಲ್ಲೇ ಕಳೆಯುತ್ತದೆ. ಗೋಡೆಯ ಪ್ಲಗ್ಗಿನ 230ರಲ್ಲಿ 3 ಯಾವ ಲೆಕ್ಕ? ಆದರೆ ಆರ್ಕ್ ನಡೆಯುವುದೇ 20 ವೋಲ್ಟಿನ ಆಸುಪಾಸಿನಲ್ಲಿ. ಕಳೆದದ್ದು 450 ವಾಟ್ ಶಾಖವಾಗಿ ಕ್ಲ್ಯಾಂಪನ್ನು ಸುಡುತ್ತದೆ. ವೆಲ್ಡಿಂಗ್ ನಡೆಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಯಂತ್ರದ ಅರ್ತಿಂಗ್ ಟರ್ಮಿನಲ್ಲಿಗೂ ಇನ್ನೊಂದನ್ನು ಜಾಬಿಗೂ (ವೆಲ್ಡ್ ಆಗುತ್ತಿರುವ ಲೋಹಕ್ಕೂ) ಮುಟ್ಟಿಸಿದರೆ ಈ ನಷ್ಟ ನೇರ ಅಂಕಿಯಲ್ಲಿ ಸಿಗುತ್ತದೆ. ಕರೆಂಟ್ ಹರಿಯದಾಗ ಅಳೆದರೆ ಏನೂ ತೋರದು.

ಬೀಡಿನಲ್ಲಿ, ಅಂದರೆ ವೆಲ್ಡಿನ ಗೆರೆಯಲ್ಲಿ, ಸಣ್ಣ ಸಣ್ಣ ತೂತು ಬಿದ್ದರೆ ಅನಿಲದ ಕಡೆ ನೋಡಬೇಕು. ನಾಜಲ್ಲಿಗೆ ಸಿಡಿದ ಲೋಹ ಮೆತ್ತಿಕೊಂಡಿರಬಹುದು, ಫ್ಯಾನಿನ ಗಾಳಿ ಅನಿಲವನ್ನು ಹಾರಿಸುತ್ತಿರಬಹುದು, ಅನಿಲವನ್ನು ಬೆಚ್ಚಗಿಡುವ ಹೀಟರ್ ಕೆಟ್ಟು ಸಿಲಿಂಡರಿನ ರೆಗ್ಯುಲೇಟರ್ ಹಿಮಗಟ್ಟಿರಬಹುದು. ಹರಿವು ನಿಮಿಷಕ್ಕೆ 12–15 ಲೀಟರ್ ಇದ್ದರೆ ಸಾಮಾನ್ಯ ಕೆಲಸಕ್ಕೆ ಸಾಕು. ವಿಪರೀತ ಹೆಚ್ಚಿಸಿದರೆ ಅನಿಲ ಸುಳಿಯಾಗಿ ಹೊರಗಿನ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ಸಿಲಿಂಡರ್ ಗೇಜನ್ನೂ ಪೂರ್ತಿ ನಂಬುವಂತಿಲ್ಲ. ಒಳಗಿರುವುದು ದ್ರವ, ಅದು ತೀರುವ ತನಕ, 25 ಡಿಗ್ರಿ ಹವೆಯಲ್ಲಿ, ಮುಳ್ಳು ಸುಮಾರು 64 ಬಾರ್ ಬಿಟ್ಟು ಕದಲದು. ಎಷ್ಟು ಉಳಿದಿದೆಯೆಂದು ತಿಳಿಯಲು ತೂಗಿ ನೋಡುವುದೇ ದಾರಿ. (31 ಡಿಗ್ರಿ ದಾಟಿದ ಮೇಲೆ ದ್ರವ, ಅನಿಲ ಎಂಬ ಭೇದವೇ ಅಳಿಯುತ್ತದೆ. ಭೌತಶಾಸ್ತ್ರದ ಪುಸ್ತಕ ತೆರೆಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.)

ಇಷ್ಟೆಲ್ಲ ಸರಿಯಿದ್ದ ಮೇಲೆ ಯಂತ್ರದ ಒಳಗು. ಟ್ರಿಗರ್ ಒತ್ತಿದರೆ ಏನೂ ಆಗದಿದ್ದಾಗ ಟಾರ್ಚ್ ಕಳಚಿ, ಅದರ ಎರಡು ಸಣ್ಣ ಪಿನ್ನುಗಳ ನಡುವೆ ಟ್ರಿಗರ್ ಒತ್ತಿ ಹಿಡಿದು ಮೀಟರಿನಲ್ಲಿ ಸಂಪರ್ಕ ನೋಡಬೇಕು. ಇಲ್ಲದಿದ್ದರೆ ಸ್ವಿಚ್ ಅಥವಾ ಅದರ ವೈರು ಹೋಗಿದೆ. ಪದೇ ಪದೇ ಅತಿ ಶಾಖದ ಎಚ್ಚರಿಕೆ ದೀಪ ಹತ್ತಿದರೆ ಫ್ಯಾನ್, ಗ್ರೈಂಡಿಂಗ್ ಧೂಳು, ಡ್ಯೂಟಿ ಸೈಕಲ್ ನೋಡಬೇಕು. ಡ್ಯೂಟಿ ಸೈಕಲ್ ಶೇಕಡಾ 60 ಎಂದರೆ ಅದರ ಜೊತೆ ನಮೂದಿಸಿದ ಕರೆಂಟಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಕೆಲಸ, 4 ನಿಮಿಷ ವಿರಾಮ. ಇನ್ವರ್ಟರ್ ಯಂತ್ರದ ಕೆಪಾಸಿಟರುಗಳಲ್ಲಿ ಸಿಂಗಲ್ ಫೇಸಿಗೆ ಸುಮಾರು 325, ತ್ರೀ ಫೇಸಿಗೆ ಸುಮಾರು 585 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ನಿಲ್ಲುತ್ತದೆ, ಕೊಲ್ಲಬಲ್ಲದು. ಕಾದು, ಮೀಟರಿನಲ್ಲಿ ಅಳೆದು, ಇಳಿದದ್ದು ಖಾತ್ರಿಯಾದ ಮೇಲೆಯೇ ಕೈಯಿಡಬೇಕು. ಸುಟ್ಟ ಐಜಿಬಿಟಿ (ಇನ್ವರ್ಟರಿನಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಒಂದನ್ನೇ ಬದಲಿಸಿ ಅದನ್ನು ನಡೆಸುವ ಡ್ರೈವರ್ ಭಾಗವನ್ನು ಪರೀಕ್ಷಿಸದಿದ್ದರೆ ಹೊಸದೂ ಸುಡುತ್ತದೆ. ರಿಪೇರಿಯಾದ ಸಿಂಗಲ್ ಫೇಸ್ ಯಂತ್ರಕ್ಕೆ ಮೊದಲ ಸಲ ಕರೆಂಟ್ ಕೊಡುವಾಗ 100 ವಾಟಿನ ಹಳೆಯ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕುವುದು ರೂಢಿ: ಮಿನುಗಿ ಮಂಕಾದರೆ ಕೆಪಾಸಿಟರ್ ತುಂಬಿತು, ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಒಳಗೇ ಇದೆ.